‘ಗಟ್ಟಿ’ ಎಂದರೇನು?

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಪ್ರಾಯೋಗಿಕ ಪರೀಕ್ಷೆಯಲ್ಲಿ ಮೌಖಿಕ ಪ್ರಶ್ನೆಗಳನ್ನು ಕೇಳುವ ಕೆಲಸ ನನ್ನದಾಗಿತ್ತು. ಮೇಜಿನ ಮೇಲೆ ಎತ್ತರವಾದ ಗಾಜಿನ ಜಾಡಿ, ಅದರ ತುಂಬ ಹರಳೆಣ್ಣೆ. ಚಿಕ್ಕ ಉಕ್ಕಿನ ಗುಂಡುಗಳನ್ನು ಒಂದೊಂದಾಗಿ ಎಣ್ಣೆಗೆ ಬಿಟ್ಟು, ಎರಡು ಗುರುತುಗಳ ನಡುವಣ ದೂರವನ್ನು ಕ್ರಮಿಸಲು ಅವು ತೆಗೆದುಕೊಳ್ಳುವ ಕಾಲವನ್ನು ಅಳೆಯಬೇಕು. ಸ್ಟೋಕ್ಸ್ ವಿಧಾನದಿಂದ ದ್ರವದ ಸ್ನಿಗ್ಧತೆಯನ್ನು ಕಂಡುಹಿಡಿಯುವ ಪ್ರಯೋಗ ಇದು. ಪ್ರಯೋಗ ಮುಗಿಸಿ ಬಂದ ವಿದ್ಯಾರ್ಥಿಯನ್ನು “ಸ್ನಿಗ್ಧತಾ ಗುಣಾಂಕ ಎಂದರೇನು?” ಎಂದು ಕೇಳಿದೆ. ಒಂದಕ್ಷರ ತಪ್ಪದೆ ಒಪ್ಪಿಸಿದ. ಸಂತೋಷದಿಂದ ಪೂರ್ಣ ಅಂಕ ಬರೆದುಕೊಂಡೆ. ಅವನು ಏಳುವಾಗ ಸುಮ್ಮನೆ, “ಹರಳೆಣ್ಣೆ, ನೀರು ಇವೆರಡರಲ್ಲಿ ಯಾವುದರ ಸಾಂದ್ರತೆ ಹೆಚ್ಚು?” ಎಂದೆ. “ಹರಳೆಣ್ಣೆಯದು ಸಾರ್, ಅದು ಗಟ್ಟಿ ಅಲ್ಲವೆ?” ಎಂದು ಹೇಳಿ ಹೊರಟೇಹೋದ.

ಮುಂದಿನ ವಿದ್ಯಾರ್ಥಿನಿಗೂ ಮೊದಲು ಅದೇ ಪ್ರಶ್ನೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಡವರಿಸುತ್ತ, “ಆಲೆಮನೆಯಲ್ಲಿ ಪಾಕ ಹದಕ್ಕೆ ಬಂತೇ ಎಂದು ಸೌಟು ಎತ್ತಿ ನೋಡುತ್ತಾರಲ್ಲ ಸಾರ್, ಆಗ ಕೆಳಗೆ ಇಳಿಯುವುದನ್ನು ಪಕ್ಕದ್ದು ಬಿಡುವುದಿಲ್ಲ, ಹಿಡಿದುಕೊಂಡಿರುತ್ತದೆ. ಹಾಗೆ ಹಿಡಿದುಕೊಳ್ಳುವುದು” ಎಂದಳು. “ಅದಿರಲಿ, ವ್ಯಾಖ್ಯೆ ಹೇಳಮ್ಮ” ಎಂದೆ. ಹೇಳಲಾಗಲಿಲ್ಲ. ಅರ್ಧಕ್ಕಿಂತ ಕಡಿಮೆ ಅಂಕ ಕೊಟ್ಟೆ. ಅಂಕಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಒತ್ತಿ ಕಳುಹಿಸಿದ ಮೇಲೆ, ಸಂಜೆ ಬಸ್ಸಿನಲ್ಲಿ ಕುಳಿತಾಗ ನನಗೆ ಹೊಳೆಯಿತು: ಸ್ನಿಗ್ಧತೆ ಎಂಬ ಪದ ಇವರಿಬ್ಬರಲ್ಲಿ ಯಾರಿಗೆ ಗೊತ್ತಿತ್ತೋ ಅವರಿಗೆ ನಾನು ಅಂಕ ಕೊಟ್ಟಿರಲಿಲ್ಲ. ಮುದ್ರೆ ಒಡೆಯುವಂತಿರಲಿಲ್ಲ.

ವಿದ್ಯಾರ್ಥಿಗಳ ಪದಸಂಪತ್ತು ಬೆಳೆಯಬೇಕು, ಅದಕ್ಕೆ ವ್ಯಾಖ್ಯೆಗಳನ್ನು ಕಲಿಯಬೇಕು ಎಂದು ನಾವು ಶಿಕ್ಷಕರೆಲ್ಲ ಹೇಳುತ್ತೇವೆ. ವಿಜ್ಞಾನದ ಮಟ್ಟಿಗೆ ಇದು ಸರಿಯಾದ ಮಾತೇ. ಕಥೆ, ಕಾದಂಬರಿಗಳಲ್ಲಿ ಬರುವ ಹೊಸ ಪದದ ಅರ್ಥವನ್ನು ಸಂದರ್ಭದಿಂದ ಊಹಿಸಿಕೊಂಡು ಮುಂದೆ ಹೋಗಬಹುದು. ವಿಜ್ಞಾನದಲ್ಲಿ ಹಾಗೆ ಊಹಿಸಿದರೆ ಹರಳೆಣ್ಣೆಯ ಹುಡುಗನ ಹಾಗೆ ಆಗುತ್ತದೆ. ಆದರೆ ಅವನು ವ್ಯಾಖ್ಯೆಯನ್ನು ಕಲಿತೇ ಇದ್ದನಲ್ಲ? ಎಲ್ಲಿ ತಪ್ಪಿತು?

ಎರಡು ಹೊಲಗಳ ನಡುವಣ ಬದುವನ್ನು ನೆನೆಸಿಕೊಳ್ಳಿ. ಬದು ಎಲ್ಲಿದೆ ಎಂದು ತಿಳಿಯಬೇಕಾದರೆ ಆಚೆಯ ಹೊಲ ಯಾರದೆಂದೂ ಗೊತ್ತಿರಬೇಕು. ವ್ಯಾಖ್ಯೆಯೂ ಹಾಗೆಯೇ. ಅದು ಒಂದು ಪದವನ್ನು ಅದರ ನೆರೆಯ ಪದಗಳಿಂದ ಬೇರ್ಪಡಿಸುವ ಗೆರೆ. ಆ ಹುಡುಗನಿಗೆ ಸ್ನಿಗ್ಧತೆಯ ವಾಕ್ಯ ಬರುತ್ತಿತ್ತು, ಸಾಂದ್ರತೆಯ ವಾಕ್ಯವೂ ಬರುತ್ತಿದ್ದಿರಬೇಕು. ಎರಡರ ನಡುವೆ ಬದು ಇರಲಿಲ್ಲ. ಎರಡೂ ‘ಗಟ್ಟಿ’ ಎಂಬ ಒಂದೇ ಹೊಲದಲ್ಲಿದ್ದವು.

ಒಂದು ಮಾತು, ಹಲವು ಗುಣ

‘ಗಟ್ಟಿ’ ನಮ್ಮ ಭಾಷೆಯ ಬಹು ದುಡಿಮೆಯ ಪದ. ಗಟ್ಟಿ ಹಾಲು, ಗಟ್ಟಿ ಮೊಸರು, ಗಟ್ಟಿ ಮರ, ಗಟ್ಟಿ ಬಂಗಾರ, ಗಟ್ಟಿ ದನಿ, ಗಟ್ಟಿ ಗುಂಡಿಗೆ. ಮನೆಯಲ್ಲಿ, ಪೇಟೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಪ್ರಯೋಗಾಲಯದ ಹೊಸ್ತಿಲು ದಾಟಿದೊಡನೆ ಮಾತ್ರ ಇದು ಐದಾರು ಚೂರಾಗುತ್ತದೆ.

ಮೊದಲು ದ್ರವಗಳನ್ನು ನೋಡೋಣ. ಸಾಂದ್ರತೆ ಎಂದರೆ ಏಕಮಾನ ಗಾತ್ರದಲ್ಲಿ ಇರುವ ದ್ರವ್ಯರಾಶಿ. ಇದನ್ನು ತಿಳಿಯಲು ತಕ್ಕಡಿ ಮತ್ತು ಅಳತೆಯ ಪಾತ್ರೆ ಸಾಕು. ದ್ರವ ನಿಂತಿದ್ದರೂ ಸರಿಯೆ. ಸ್ನಿಗ್ಧತೆ ಎಂದರೆ ದ್ರವದ ಒಂದು ಪದರ ಪಕ್ಕದ ಪದರದ ಮೇಲೆ ಜಾರುವಾಗ ಉಂಟಾಗುವ ಪ್ರತಿರೋಧ. ಇದನ್ನು ತಿಳಿಯಲು ದ್ರವ ಹರಿಯಲೇಬೇಕು, ಕೈಯಲ್ಲಿ ಗಡಿಯಾರ ಇರಲೇಬೇಕು. ಹೀಗೆ ‘ಯಾವ ಉಪಕರಣ ಬೇಕು?’ ಎಂದು ಕೇಳಿದ ಕೂಡಲೇ ಎರಡು ಪದಗಳೂ ಬೇರೆಬೇರೆಯಾಗಿ ನಿಲ್ಲುತ್ತವೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹರಳೆಣ್ಣೆಯ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು. 2 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡು ಅದರಲ್ಲಿ ಸೆಕೆಂಡಿಗೆ ಒಂದೂವರೆ ಸೆಂಟಿಮೀಟರಿನಂತೆ ನಿಧಾನವಾಗಿ ಇಳಿಯುತ್ತದೆ. ಅದೇ ಗುಂಡನ್ನು ನೀರಿಗೆ ಬಿಟ್ಟರೆ ಗಡಿಯಾರದ ಗುಂಡಿ ಒತ್ತುವುದರೊಳಗೆ ತಳ ಮುಟ್ಟಿರುತ್ತದೆ. ಆದರೆ ಹರಳೆಣ್ಣೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.96 ಗ್ರಾಮ್. ನೀರಿನ ಮೇಲೆ ಅದು ತೇಲುತ್ತದೆ. ಪಾದರಸದ ಕಥೆ ಇದಕ್ಕೆ ತದ್ವಿರುದ್ಧ. ಸಾಂದ್ರತೆ ನೀರಿನ 13.6 ಪಟ್ಟು, ಸ್ನಿಗ್ಧತೆಯಾದರೋ ನೀರಿನ ಒಂದೂವರೆ ಪಟ್ಟು ಮಾತ್ರ. ಅದಕ್ಕೇ ಅದು ಕೈಗೆ ಸಿಗದೆ ಓಡುತ್ತದೆ.

ಇನ್ನು ಗಟ್ಟಿ ಹಾಲು. ಇದು ನಿಜಕ್ಕೂ ಹಣದ ಪ್ರಶ್ನೆ. ಕೊಳ್ಳುವವರು ಗಟ್ಟಿ ಹಾಲು ಎಂದಾಗ ಅವರ ಮನಸ್ಸಿನಲ್ಲಿರುವುದು ಕೆನೆ. ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡಲು ಬಳಸುವ ಕ್ಷೀರಮಾಪಕಕ್ಕೆ ಗೊತ್ತಿರುವುದು ಸಾಂದ್ರತೆ ಒಂದೇ. ಸಾಮಾನ್ಯ ಹಾಲಿನ ಸಾಂದ್ರತೆ ಸುಮಾರು 1.030. ನೀರು ಬೆರೆತರೆ ಅದು ಇಳಿಯುತ್ತದೆ, ಕ್ಷೀರಮಾಪಕ ಆಳಕ್ಕೆ ಮುಳುಗುತ್ತದೆ, ಕಳ್ಳತನ ಹೊರಬೀಳುತ್ತದೆ. ಆದರೆ ಹಾಲಿನ ಕೊಬ್ಬು ನೀರಿಗಿಂತ ಹಗುರ. ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ, ಸುಮಾರು 1.035 ಆಗುತ್ತದೆ. ಅಂದರೆ ಕ್ಷೀರಮಾಪಕದ ಮಾತನ್ನು ನಂಬಿದರೆ ಕೆನೆ ತೆಗೆದ ಹಾಲೇ ಹೆಚ್ಚು ‘ಗಟ್ಟಿ’! ಈಗ ಒಂದು ಲೆಕ್ಕ ಮಾಡಿ. ಕೆನೆ ತೆಗೆದ 6 ಲೀಟರು ಹಾಲಿಗೆ 1 ಲೀಟರು ನೀರು ಬೆರೆಸಿ. ಒಟ್ಟು ದ್ರವ್ಯರಾಶಿ 6.21 ಕಿಲೋಗ್ರಾಮ್ ಮತ್ತು 1 ಕಿಲೋಗ್ರಾಮ್ ಸೇರಿ 7.21. ಅದನ್ನು 7ರಿಂದ ಭಾಗಿಸಿದರೆ 1.030. ಕೆನೆಯೂ ಹೋಯಿತು, ನೀರೂ ಸೇರಿತು, ಕ್ಷೀರಮಾಪಕ ಮಾತ್ರ ‘ಶುದ್ಧ ಹಾಲು’ ಎನ್ನುತ್ತಿದೆ. ಹಾಲಿನ ಡೇರಿಗಳಲ್ಲಿ ಕೊಬ್ಬಿನ ಅಂಶವನ್ನು ಪ್ರತ್ಯೇಕವಾಗಿ ಅಳೆಯುವುದು ಏಕೆ ಎಂದು ಈಗ ತಿಳಿಯಿತಲ್ಲ? ಒಂದು ಪದದೊಳಗೆ ಎರಡು ಗುಣಗಳು ಅಡಗಿದ್ದರೆ ಒಂದೇ ಅಳತೆಯಿಂದ ಎರಡನ್ನೂ ಹಿಡಿಯಲಾಗದು.

ಘನ ವಸ್ತುಗಳಿಗೆ ಬಂದರೂ ಇದೇ ಗೋಳು. ಗಾಜಿನ ಚೂರಿನಿಂದ ತಾಮ್ರದ ತಟ್ಟೆಯ ಮೇಲೆ ಗೀರು ಎಳೆಯಬಹುದು. ತಾಮ್ರದಿಂದ ಗಾಜಿನ ಮೇಲೆ ಗೀರು ಬೀಳದು. ಆದ್ದರಿಂದ ಗಾಜು ಗಟ್ಟಿ. ಎರಡನ್ನೂ ನೆಲಕ್ಕೆ ಹಾಕಿ: ತಾಮ್ರ ನೆಗ್ಗುತ್ತದೆ, ಗಾಜು ಪುಡಿಯಾಗುತ್ತದೆ. ಆದ್ದರಿಂದ ತಾಮ್ರ ಗಟ್ಟಿ! ಗೀರನ್ನು ತಡೆಯುವ ಗುಣ ಕಠಿಣತೆ. ಜರ್ಮನಿಯ ಖನಿಜವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಮಾಪನ ಇದಕ್ಕೆ ಸಂಬಂಧಿಸಿದ್ದು. ಒಡೆಯದೆ ಪೆಟ್ಟನ್ನು ತಾಳುವ ಗುಣವೇ ಬೇರೆ. ಅತ್ಯಂತ ಕಠಿಣವಾದ ವಜ್ರವನ್ನು ಸುತ್ತಿಗೆಯಿಂದ ಒಡೆಯಬಹುದು. ‘ಗಟ್ಟಿ ಬಂಗಾರ’ ಎಂದರೆ ಅಪ್ಪಟ ಬಂಗಾರ ತಾನೆ? ಅದಕ್ಕೆ ತಾಮ್ರವನ್ನೋ ಬೆಳ್ಳಿಯನ್ನೋ ಬೆರೆಸಿ 22 ಕ್ಯಾರಟ್ ಮಾಡಿದರೆ ಸಾಂದ್ರತೆ ಇಳಿಯುತ್ತದೆ, ಆದರೆ ಕಠಿಣತೆ ಏರುತ್ತದೆ. ಬಳೆ ಮಾಡುವ ಅಕ್ಕಸಾಲಿಗರಿಗೆ ಗಟ್ಟಿ ಬಂಗಾರ ಮೆತ್ತಗಿನದು. ಗಟ್ಟಿ ದನಿಯ ವಿಚಾರವನ್ನು ಇಲ್ಲಿ ಬೆಳೆಸುವುದಿಲ್ಲ. ಸೊಳ್ಳೆಯ ದನಿ ಗಟ್ಟಿಯಲ್ಲ, ಆದರೆ ಅದರ ಆವೃತ್ತಿ ಸಿಂಹದ ಗರ್ಜನೆಯದಕ್ಕಿಂತ ಹೆಚ್ಚು ಎಂಬುದನ್ನು ನೆನಪಿಸಿದರೆ ಸಾಕು.

ಪದವೇ ವ್ಯಾಖ್ಯೆಯಾದಾಗ

ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದ ಕಾಲದಿಂದ ಕನ್ನಡದಲ್ಲಿ ಪಾರಿಭಾಷಿಕ ಪದಗಳನ್ನು ಕಟ್ಟುವ ಕೆಲಸ ನಡೆದುಬಂದಿದೆ. ಈ ಪದಗಳು ಕಠಿಣ, ಸಂಸ್ಕೃತಮಯ ಎಂಬ ದೂರು ಹಳೆಯದು. ದೂರಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅವುಗಳಲ್ಲಿ ಕೆಲವನ್ನು ಬಿಡಿಸಿ ನೋಡಿದರೆ ವ್ಯಾಖ್ಯೆ ಒಳಗೇ ಕುಳಿತಿರುತ್ತದೆ.

‘ಸ್ಥಿತಿಸ್ಥಾಪಕತ್ವ’ವನ್ನು ನೋಡಿ. ಉಚ್ಚರಿಸಲು ನಾಲಗೆ ತೊಡರುತ್ತದೆ, ನಿಜ. ಬಿಡಿಸಿದರೆ: ಇದ್ದ ಸ್ಥಿತಿಯನ್ನು ಮರಳಿ ಸ್ಥಾಪಿಸುವ ಗುಣ. ಇದಕ್ಕಿಂತ ಚೆನ್ನಾದ ವ್ಯಾಖ್ಯೆ ಬೇಕೆ? ಇಂಗ್ಲಿಷ್ ಮಾಧ್ಯಮದ ವಿದ್ಯಾರ್ಥಿಗೆ ‘ಎಲಾಸ್ಟಿಕ್’ ಎಂದ ಕೂಡಲೇ ನೆನಪಾಗುವುದು ಚಡ್ಡಿಯ ಸೊಂಟದ ಪಟ್ಟಿ. ಹಾಗಾಗಿ ಉಕ್ಕು, ರಬ್ಬರು ಇವೆರಡರಲ್ಲಿ ಯಾವುದು ಹೆಚ್ಚು ಎಲಾಸ್ಟಿಕ್ ಎಂದರೆ ತಟ್ಟನೆ ರಬ್ಬರು ಎನ್ನುತ್ತಾನೆ. ಎಳೆದರೆ ಎಷ್ಟು ಉದ್ದವಾಗುತ್ತದೆ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಅಷ್ಟೇ ಪ್ರಮಾಣದಲ್ಲಿ ಎಳೆದಾಗ ಮೊದಲಿನ ಸ್ಥಿತಿಗೆ ಹಿಂದಿರುಗಲು ವಸ್ತು ಎಷ್ಟು ಬಲವನ್ನು ಹೂಡುತ್ತದೆ ಎಂಬುದು ಪ್ರಶ್ನೆ. ಉಕ್ಕಿನ ಯಂಗ್ ಗುಣಾಂಕ ಸುಮಾರು 20,000 ಕೋಟಿ ಪಾಸ್ಕಲ್, ರಬ್ಬರಿನದು ಹತ್ತು ಲಕ್ಷದಿಂದ ಒಂದು ಕೋಟಿಯ ಆಸುಪಾಸು. ಈ ಅರ್ಥದಲ್ಲಿ ಉಕ್ಕೇ ಹೆಚ್ಚು ಸ್ಥಿತಿಸ್ಥಾಪಕ. ಕನ್ನಡದ ಪದವನ್ನು ಬಿಡಿಸಲು ಕಲಿತವನಿಗೆ ಇದು ವಿಚಿತ್ರವೆನಿಸದು.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿ.ಯು.ಸಿ.ಗೆ ಇಂಗ್ಲಿಷ್ ಮಾಧ್ಯಮಕ್ಕೆ ಬರುವ ಮಕ್ಕಳು ಈ ಆಸ್ತಿಯನ್ನು ಕಾಲೇಜಿನ ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಾರೆ. ನಾನೂ ಹಾಗೆ ಬಂದವನೇ. ಮೂರು ತಿಂಗಳ ಕಾಲ ‘ಇನರ್ಷಿಯ’ ಎಂಬುದು ನಾನು ಬಲ್ಲ ಜಡತ್ವವೇ ಎಂದು ನನಗೆ ತಿಳಿದಿರಲಿಲ್ಲ, ಯಾರೂ ಹೇಳಲಿಲ್ಲ. ಆಲೆಮನೆಯ ಹುಡುಗಿಯೂ ಅಂಥವಳೇ. ಸ್ನಿಗ್ಧ, ಸ್ನೇಹ ಎರಡೂ ಸಂಸ್ಕೃತದ ಒಂದೇ ಧಾತುವಿನಿಂದ ಬಂದವು. ಸ್ನೇಹ ಎಂದರೆ ಎಣ್ಣೆಯೂ ಹೌದು, ಗೆಳೆತನವೂ ಹೌದು. ಪಕ್ಕದ್ದನ್ನು ಹಿಡಿದುಕೊಳ್ಳುವುದು ಎಂದು ಅವಳು ಹೇಳಿದ್ದು ಪದದ ಬೇರಿಗೇ ಹತ್ತಿರವಾಗಿತ್ತು.

ಆದರೆ ಎಲ್ಲ ಪದಗಳೂ ಇಷ್ಟು ಪ್ರಾಮಾಣಿಕವಲ್ಲ. ಮೈಕೆಲ್ ಫ್ಯಾರಡೆ 1834ರಲ್ಲಿ ವಿದ್ಯುದ್ವಿಭಜನೆಯನ್ನು ವಿವರಿಸಲು ಹೊಸ ಪದಗಳನ್ನು ಹುಡುಕುತ್ತಿದ್ದ. ಧನ, ಋಣ ಎಂಬ ಪದಗಳು ವಿದ್ಯುತ್ತಿನ ಸ್ವರೂಪದ ಬಗ್ಗೆ ಇನ್ನೂ ಸಾಬೀತಾಗದ ಕಲ್ಪನೆಗಳನ್ನು ಹೊತ್ತು ತರುತ್ತವೆ ಎಂಬ ಅಳುಕು ಅವನಿಗಿತ್ತು. ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್‌ಗೆ ಪತ್ರ ಬರೆದು ಕೇಳಿದ. ಹ್ಯೂವೆಲ್ ಗ್ರೀಕ್ ಭಾಷೆಯಿಂದ ಆನೋಡ್, ಕ್ಯಾಥೋಡ್ ಎಂಬ ಪದಗಳನ್ನು ಸೂಚಿಸಿದ: ಮೇಲೇರುವ ದಾರಿ, ಕೆಳಗಿಳಿಯುವ ದಾರಿ. ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗುವ ಸೂರ್ಯನ ಹಾದಿ ಅದರ ಹಿಂದಿನ ಚಿತ್ರ. ಧನ, ಋಣಗಳ ಸುಳಿವೇ ಇಲ್ಲ. ನಾವು ಕನ್ನಡದಲ್ಲಿ ಇವನ್ನು ಧನಾಗ್ರ, ಋಣಾಗ್ರ ಎಂದು ಮಾಡಿಕೊಂಡು, ಫ್ಯಾರಡೆ ಎಚ್ಚರದಿಂದ ತೆಗೆದುಹಾಕಿದ್ದನ್ನೇ ಮತ್ತೆ ತಂದು ಕೂಡಿಸಿದೆವು. ವಿದ್ಯುದ್ವಿಭಜನೆಯ ಪಾತ್ರೆಯಲ್ಲಿ ಇದರಿಂದ ತೊಂದರೆಯಿಲ್ಲ. ಟಾರ್ಚಿನ ಶುಷ್ಕಕೋಶಕ್ಕೆ ಬನ್ನಿ. ಆನೋಡ್ ಎಂದರೆ ಉತ್ಕರ್ಷಣ ನಡೆಯುವ ವಿದ್ಯುದಗ್ರ. ಶುಷ್ಕಕೋಶದಲ್ಲಿ ಅದು ಸತುವಿನ ಡಬ್ಬಿ, ಅದರ ಮೇಲಿರುವುದು ಋಣ ಚಿಹ್ನೆ. ಧನಾಗ್ರವೇ ಋಣ! ಇಲ್ಲಿ ವಿದ್ಯಾರ್ಥಿ ತಪ್ಪಿದರೆ ತಪ್ಪು ಅವನದಲ್ಲ, ಪದದ್ದು. ಆನೋಡ್ ಎಂದೇ ಕನ್ನಡದಲ್ಲಿ ಬರೆಯುವುದು ಲೇಸೆಂದು ನನ್ನ ಅಭಿಪ್ರಾಯ.

ನಮ್ಮ ಪುಸ್ತಕಗಳಲ್ಲೇ ಇನ್ನೊಂದು ತೊಡಕಿದೆ. ‘ಶಕ್ತಿ ಎಂದರೆ ಕೆಲಸ ಮಾಡುವ ಸಾಮರ್ಥ್ಯ’ ಎಂದು ಒಂದು ಪುಟದಲ್ಲಿ ಓದುತ್ತೇವೆ. ಕೆಲವು ಪುಟಗಳ ನಂತರ ‘ಸಾಮರ್ಥ್ಯ ಎಂದರೆ ಕೆಲಸ ಮಾಡುವ ದರ’ ಎಂದಿರುತ್ತದೆ. ಎರಡನ್ನೂ ನಂಬುವ ಜಾಣ ಹುಡುಗಿ ಏನು ಮಾಡಬೇಕು? ಮೊದಲನೆಯ ವಾಕ್ಯದಲ್ಲಿ ಎರಡನೆಯದನ್ನು ಇಟ್ಟು, ಶಕ್ತಿ ಎಂದರೆ ಕೆಲಸ ಮಾಡುವ ದರ ಎಂದು ತೀರ್ಮಾನಿಸುತ್ತಾಳೆ. ತರ್ಕ ಸರಿ, ಭೌತವಿಜ್ಞಾನ ತಪ್ಪು. ಮೊದಲ ವಾಕ್ಯದ ಸಾಮರ್ಥ್ಯ ಆಡುಮಾತಿನದು, ಎರಡನೆಯದು ಪಾರಿಭಾಷಿಕ. ಬಾಯಿಪಾಠ ಮಾಡಿದವರಿಗೆ ಈ ತೊಡಕು ಕಾಣುವುದೇ ಇಲ್ಲ, ಯೋಚಿಸುವವರಿಗೆ ಮಾತ್ರ ಕಾಣುತ್ತದೆ. ಅಶ್ವಶಕ್ತಿ ಎಂಬ ಪದ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದೆ. ಅದು ಶಕ್ತಿಯಲ್ಲ, ಸಾಮರ್ಥ್ಯ. ಸುಮಾರು 746 ವ್ಯಾಟ್.

ಇಲ್ಲಿ ಬದು ಹಾಕಲು ವಿದ್ಯುತ್ ಬಿಲ್ ಸಾಕು. 1,000 ವ್ಯಾಟಿನ ನೀರು ಕಾಯಿಸುವ ಸುರುಳಿ ಒಂದು ಗಂಟೆ ಉರಿದರೆ ಒಂದು ಯೂನಿಟ್. 10 ವ್ಯಾಟಿನ ಎಲ್‌ಇಡಿ ದೀಪ ನೂರು ಗಂಟೆ ಉರಿದರೂ ಒಂದೇ ಯೂನಿಟ್. ಎರಡರ ಸಾಮರ್ಥ್ಯದಲ್ಲಿ ನೂರು ಪಟ್ಟು ಅಂತರ, ವ್ಯಯವಾದ ಶಕ್ತಿ ಎರಡರಲ್ಲೂ 36 ಲಕ್ಷ ಜೂಲ್. ಇದನ್ನು ಲೆಕ್ಕ ಮಾಡಿ ನೋಡಿದವರು ‘ಕಿಲೋವ್ಯಾಟ್ ಪ್ರತಿ ಗಂಟೆಗೆ’ ಎಂದು ಬರೆಯುವ ತಪ್ಪನ್ನು ಮಾಡಲಾರರು. ಉಷ್ಣ ಮತ್ತು ತಾಪಗಳಿಗೆ ದೀಪಾವಳಿಯ ಸುರುಸುರುಬತ್ತಿ ಇದೆ: ಕಿಡಿಯ ತಾಪ ಕುದಿಯುವ ನೀರಿನದಕ್ಕಿಂತ ಎಷ್ಟೋ ಹೆಚ್ಚು, ಅದು ಹೊತ್ತು ತರುವ ಉಷ್ಣ ಅತ್ಯಲ್ಪ, ಅದಕ್ಕೇ ಕೈ ಸುಡುವುದಿಲ್ಲ. ಪರಂಗಿ ಹಣ್ಣು ಉಷ್ಣ ಎಂದು ಅಜ್ಜಿ ಹೇಳುವ ಉಷ್ಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನೂ ಅದೇ ತರಗತಿಯಲ್ಲಿ ಹೇಳಿಬಿಡುವುದು ಒಳ್ಳೆಯದು.

ಬದುಗಳು ಶಾಶ್ವತವೇನಲ್ಲ. ಪ್ಯಾರಿಸಿನ ಬಳಿಯ ಸೆವ್ರ್‌ನಲ್ಲಿ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ಉರುಳೆಯ ದ್ರವ್ಯರಾಶಿಯೇ ಕಿಲೋಗ್ರಾಮ್ ಎಂದು 1889ರಿಂದ ಕಲಿಸುತ್ತ ಬಂದೆವು. 2019ರ ಮೇ 20ರಿಂದ ಆ ವ್ಯಾಖ್ಯೆ ಇಲ್ಲ. ಪ್ಲಾಂಕ್ ಸ್ಥಿರಾಂಕದ ಬೆಲೆಯನ್ನು ನಿಗದಿಗೊಳಿಸಿ ಅದರ ಮೂಲಕ ಕಿಲೋಗ್ರಾಮನ್ನು ವ್ಯಾಖ್ಯಿಸಲಾಗಿದೆ. ಅಂಗಡಿಯ ಅಕ್ಕಿ ಒಂದು ಕಾಳೂ ಬದಲಾಗಲಿಲ್ಲ. ಹಳೆಯ ವಾಕ್ಯವನ್ನು ಮಾತ್ರ ಕಲಿತವನ ಬಳಿ ಈಗ ಏನೂ ಉಳಿದಿಲ್ಲ. ದ್ರವ್ಯರಾಶಿಯನ್ನು ತೂಕದಿಂದ ಬೇರ್ಪಡಿಸಲು ಕಲಿತವನಿಗೆ ನಷ್ಟವಿಲ್ಲ.

ತರಗತಿಯಲ್ಲಿ

ಆ ಸಂಜೆಯ ನಂತರ ನನ್ನ ಪ್ರಶ್ನೆ ಕೇಳುವ ಕ್ರಮ ಬದಲಾಯಿತು. ‘ವ್ಯಾಖ್ಯೆ ಹೇಳಿ’ ಎಂದು ಕೇಳುವುದನ್ನು ನಾನು ಪೂರ್ತಿ ಬಿಟ್ಟಿಲ್ಲ. ನಿಖರವಾದ ವಾಕ್ಯ ಬೇಕೇ ಬೇಕು; ಆಲೆಮನೆಯ ಉತ್ತರದಿಂದ ಸ್ನಿಗ್ಧತೆಯ ಏಕಮಾನ ಸಿಗುವುದಿಲ್ಲ. ಆದರೆ ಅದನ್ನು ಕೊನೆಯಲ್ಲಿ ಕೇಳುತ್ತೇನೆ. ಮೊದಲು, ಈ ಪದವನ್ನು ಬೇರೆ ಯಾವ ಪದದೊಂದಿಗೆ ಬೆರೆಸಿಬಿಡುವ ಅಪಾಯವಿದೆ ಎಂದು ಕೇಳುತ್ತೇನೆ. ಅದು ಹೆಚ್ಚಿದ್ದು ಇದು ಕಡಿಮೆ ಇರುವ ವಸ್ತುವೊಂದನ್ನು ಹೇಳಿ ಎನ್ನುತ್ತೇನೆ. ಪಾದರಸವೋ ಹರಳೆಣ್ಣೆಯೋ ನಾಲಗೆಗೆ ಬಂದರೆ ಪದ ಬಂದಿದೆ ಎಂದು ಅರ್ಥ. ಪ್ರೌಢಶಾಲೆಯ ಶಿಕ್ಷಕರು ಇದನ್ನು ಇನ್ನೂ ಚೆನ್ನಾಗಿ ಮಾಡಬಹುದು. ಕಪ್ಪು ಹಲಗೆಯ ನಡುವೆ ‘ಗಟ್ಟಿ’ ಎಂದು ಬರೆದು, ಮಕ್ಕಳು ಮನೆಯಲ್ಲಿ ಕೇಳಿದ ಪ್ರಯೋಗಗಳನ್ನೆಲ್ಲ ಸುತ್ತಲೂ ಬರೆಸಿ, ಒಂದೊಂದಕ್ಕೂ ವಿಜ್ಞಾನದ ಪದ ಯಾವುದೆಂದು ಹುಡುಕಿಸಿ. ‘ಭಾರ’, ‘ಬಿಸಿ’, ‘ಜೋರು’ ಇವುಗಳಿಂದಲೂ ಒಂದೊಂದು ಅವಧಿ ಚೆನ್ನಾಗಿ ನಡೆಯುತ್ತದೆ.

ಇಂಥ ಒಂದು ತರಗತಿಯಲ್ಲಿ ನಾನು ಅತಿಥಿಯಾಗಿದ್ದೆ. ಹಲಗೆ ತುಂಬಿತ್ತು. ಹಾಲು, ಮರ, ಬಂಗಾರ, ದನಿ ಎಲ್ಲಕ್ಕೂ ಜಾಗ ಸಿಕ್ಕಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಗಟ್ಟಿ ಮೊಸರು ಎಲ್ಲಿಗೆ ಸೇರುತ್ತದೆ ಸಾರ್?” ಎಂದ. ಸ್ನಿಗ್ಧತೆಗೆ ಎಂದು ನಾಲ್ಕಾರು ಮಕ್ಕಳು ಕೂಗಿದರು. ಅವನು ಒಪ್ಪಲಿಲ್ಲ. “ಹರಳೆಣ್ಣೆ ಬಟ್ಟಲನ್ನು ಓರೆ ಮಾಡಿದರೆ ನಿಧಾನವಾಗಿಯಾದರೂ ಹರಿಯುತ್ತದೆ. ಮೊಸರಿನ ಬಟ್ಟಲನ್ನು ಓರೆ ಮಾಡಿದರೆ ಹರಿಯುವುದೇ ಇಲ್ಲ. ಚಮಚ ಹಾಕಿ ಕಲಕಿದ ಮೇಲೆ ಹರಿಯುತ್ತದೆ” ಎಂದ. ಹೌದು, ಒಂದು ಮಿತಿಯನ್ನು ಮೀರಿ ಬಲ ಬೀಳುವವರೆಗೆ ಘನದಂತೆ ನಿಂತು, ಮೀರಿದ ಮೇಲೆ ದ್ರವದಂತೆ ಹರಿಯುವ ವಸ್ತುಗಳಿವೆ. ಮೊಸರು ಅವುಗಳಲ್ಲೊಂದು, ಹಲ್ಲುಜ್ಜುವ ಪೇಸ್ಟ್ ಇನ್ನೊಂದು. ನೀರಿಗೆ, ಎಣ್ಣೆಗೆ ಸಲ್ಲುವ ಸ್ನಿಗ್ಧತೆಯ ಸರಳ ವ್ಯಾಖ್ಯೆ ಇವಕ್ಕೆ ಸಾಲದು. ಪದ ಬೇಕು, ಪುಸ್ತಕದಲ್ಲಿಲ್ಲ ಎಂದೆ. ಮಕ್ಕಳು ತಾವೇ ಕಟ್ಟಲು ತೊಡಗಿದರು. ‘ಹರಿವಿನ ಹೊಸ್ತಿಲು’ ಎಂದು ಒಬ್ಬಳು, ‘ಮೊಂಡುಮಿತಿ’ ಎಂದು ಇನ್ನೊಬ್ಬ. ಗಂಟೆ ಹೊಡೆದಾಗ ಎರಡೂ ಹಲಗೆಯ ಮೇಲಿದ್ದವು, ಯಾವುದು ಸರಿ ಎಂಬ ಜಗಳ ಇನ್ನೂ ತೀರಿರಲಿಲ್ಲ.